ಗಡಿಗೆ, ಪೀಪಾಯಿ ಮತ್ತು ಲಿಲಾವು

ಭೂತನಾಳದ ನಮ್ಮ ಹಳೆಯ ಮನೆಯ ಅಡಿಗೆಮನೆಯಲ್ಲಿ ಒಂದು ಚೀನೀ ಮಣ್ಣಿನ ಭರಣಿ ಇದೆ. ಎತ್ತರ ಮೊಳಕಾಲಿನಷ್ಟು, ಮೇಲರ್ಧ ಕಂದು, ಕೆಳಗರ್ಧ ಬಿಳಿ. ಸುಮಾರು 70 ವರ್ಷಗಳಿಂದ ಅದರಲ್ಲಿ ಮಾವಿನಕಾಯಿಯ ಉಪ್ಪಿನಕಾಯಿಯ ಹೊರತು ಬೇರೇನೂ ತುಂಬಿದ್ದಿಲ್ಲ. ಅದಕ್ಕೂ ಮೊದಲು ಅದರಲ್ಲಿ ಇರುತ್ತಿದ್ದದ್ದು ದ್ರಾಕ್ಷಾರಿಷ್ಟ. ನಮ್ಮ ಮುತ್ಯಾ ನಾಡವೈದ್ಯರು. ಅದನ್ನು ತಮ್ಮ ಕೈಯಾರೆ ಹುದುಗು ಹಾಕುತ್ತಿದ್ದರು. ಈ ಮಾತನ್ನು ನಾನು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಕಳೆದ ಬೇಸಗೆಯಲ್ಲಿ ಒದಗಿತು.

ಅಮೆರಿಕೆಯಲ್ಲಿ ಇಂಜಿನಿಯರನಾಗಿರುವ ನನ್ನ ಮೊಮ್ಮಗ ರಜೆಗೆಂದು ಬಂದಿದ್ದ. ಒಂದು ಸಂಜೆ ಇಬ್ಬರೂ ಕೆರೆಯ ಏರಿಯ ಮೇಲೆ ಕುಳಿತಿದ್ದೆವು. ವಿಜಯಪುರಕ್ಕೆ ಬಹುಕಾಲ ಕುಡಿಯುವ ನೀರು ಕೊಟ್ಟ ಕೆರೆ ಅದು, ಗಾಳಿ ತಂಪಾಗಿತ್ತು. ಅವನು ಮೊಬೈಲು ತೆಗೆದು ಕೆಲವು ಚಿತ್ರಗಳನ್ನು ತೋರಿಸಿದ. ಅವನ ಮನೆಯ ಕಾರು ನಿಲ್ಲಿಸುವ ಕೋಣೆ. ಅಲ್ಲಿ ಸಾಲಾಗಿ ನಿಲ್ಲಿಸಿದ ಉಕ್ಕಿನ ಸಣ್ಣ ಪೀಪಾಯಿಗಳು, ಗಾಜಿನ ದೊಡ್ಡ ಹೂಜಿಗಳು, ರಬ್ಬರಿನ ನಳಿಗೆಗಳು.

“ಇದೇನೋ ತಮ್ಮಾ, ಔಷಧದ ಕಾರಖಾನೆ ಇದ್ದಂಗ ಅದ?” ಎಂದೆ.

“ಅಲ್ರಿ ಮುತ್ಯಾ, ಬಿಯರ್ ಮಾಡತೀನಿ. ಅಕಾ, ಆ ಗಾಜಿನ ಹೂಜ್ಯಾಗ ಇರೋದು ಜೇನುತುಪ್ಪದ ಮದ್ಯ. ನಾನಽ ಮಾಡಿದ್ದು” ಎಂದು ಅಭಿಮಾನದಿಂದಲೇ ಹೇಳಿದ. ಆಮೇಲೆ ಸ್ವಲ್ಪ ತಡೆದು, “ನಮ್ಮ ಕಡೆ ಹಿಂಗ ಮನ್ಯಾಗ ಮಾಡೋ ಪದ್ಧತಿ ಇತ್ತೇನ್ರಿ?” ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದೇ ಈ ಲೇಖನ. ಮದ್ಯದ ಮಾತೆಂದರೆ ಹುಬ್ಬುಗಂಟಿಕ್ಕುವ ಓದುಗರು ಒಂದಿಷ್ಟು ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಕುಡಿತದ ಹೊಗಳಿಕೆ ಇದರಲ್ಲಿಲ್ಲ. ಮನೆಯೊಳಗಿನ ಒಂದು ಗಡಿಗೆ ಮನೆಯಿಂದ ಹೇಗೆ ಹೊರಬಿತ್ತು ಎಂಬುದರ ಕಥೆ ಇದೆ.

ಮೊದಲು ಮೊಮ್ಮಗನ ಕೈಚಳಕವನ್ನು ಅವನು ಹೇಳಿದಂತೆಯೇ ಹೇಳಿಬಿಡುತ್ತೇನೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ತಾಸು ಇಡುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಸತ್ತ್ವವೇ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಕಹಿಯಾದ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಒಂದೆರಡು ವಾರದಲ್ಲಿ ಬಿಯರ್ ಆಗುತ್ತದೆ. ಅದನ್ನು 19 ಲೀಟರು ಹಿಡಿಯುವ ಉಕ್ಕಿನ ಪೀಪಾಯಿಗೆ ತುಂಬಿ, ತಂಪಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡದಿಂದ ಹಾಯಿಸುತ್ತಾರೆ. ಈ ಪೀಪಾಯಿಗಳು ಮೊದಲು ಸೋಡಾ ಪಾನೀಯದ ಕಂಪನಿಗಳವು. ಆ ಕಂಪನಿಗಳು ಪಾಕವನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಳಿಸಲು ತೊಡಗಿದ ಮೇಲೆ ಹಳೆಯ ಪೀಪಾಯಿಗಳು ಮೂಲೆಗೆ ಬಿದ್ದವು. ಮನೆಯಲ್ಲಿ ಬಿಯರ್ ಮಾಡುವವರು ಅವನ್ನು ಅಗ್ಗವಾಗಿ ಕೊಂಡರು.

ಜೇನಿನ ಮದ್ಯದ ಕೆಲಸ ಇನ್ನೂ ಸರಳ, ಆದರೆ ತಾಳ್ಮೆ ಬೇಡುವಂಥದು. ಒಂದು ಪಾಲು ಜೇನಿಗೆ ಮೂರು ಪಾಲು ನೀರು. ಯೀಸ್ಟ್ ಬೆರೆಸಿ ಒಂದು ತಿಂಗಳು ಇಟ್ಟರೆ ತಳದಲ್ಲಿ ಗಸಿ ಕೂಡುತ್ತದೆ. ಗಸಿ ಕದಡದಂತೆ, ಗಾಳಿ ಬೆರೆಯದಂತೆ, ಮೇಲಿನ ತಿಳಿಯನ್ನಷ್ಟೇ ನಳಿಗೆಯಿಂದ ಇನ್ನೊಂದು ಹೂಜಿಗೆ ಬಸಿದುಕೊಳ್ಳಬೇಕು. ಹೀಗೆ ಎರಡು ಮೂರು ಸಲ ಬಸಿದು, ಆರು ತಿಂಗಳೋ ವರ್ಷವೋ ಸುಮ್ಮನೆ ಬಿಡಬೇಕು. ಸತ್ತ ಯೀಸ್ಟಿನ ಗಸಿಯ ಮೇಲೆಯೇ ಬಹಳ ದಿನ ಬಿಟ್ಟರೆ ರುಚಿ ಕೆಡಬಹುದು.

ಇದನ್ನೆಲ್ಲ ಕೇಳುತ್ತಿದ್ದಂತೆ ನನಗೆ ಒಳಗೊಳಗೇ ನಗು ಬಂದಿತು. ಮೊಮ್ಮಗ ಹೇಳುತ್ತಿದ್ದ ಒಂದೊಂದು ಹಂತವನ್ನೂ ನಾನು ಎಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ಮುತ್ಯಾನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಿದ್ದೆ.

ಮುತ್ಯಾ ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಸಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಸುತ್ತಿದ್ದರು. ಆರಿದ ಮೇಲೆ ಬೆಲ್ಲ, ಏಲಕ್ಕಿ, ದಾಲ್ಚಿನ್ನಿ, ಹಿಪ್ಪಲಿ, ಮೆಣಸು ಮೊದಲಾದವುಗಳ ಪುಡಿ, ಕೊನೆಗೆ ಒಣಗಿದ ಧಾತಕಿಯ ಕೆಂಪು ಹೂ. ಭರಣಿಯ ಒಳಮೈಗೆ ಮೊದಲೇ ತುಪ್ಪ ಸವರಿರುತ್ತಿತ್ತು. ಬಾಯಿಗೆ ಅರಿವೆ ಕಟ್ಟಿ, ಮಣ್ಣು ಮೆತ್ತಿ, ಜೋಳದ ಕಣಜದ ನಡುವೆ ಒಂದು ತಿಂಗಳು ಹೂತಿಡುತ್ತಿದ್ದರು. ಹಗಲ ಬಿಸಿಲು, ಇರುಳ ಚಳಿ ಯಾವುದೂ ಅದಕ್ಕೆ ತಟ್ಟದಂತೆ ಕಾಳಿನ ರಾಶಿ ಕಾಯುತ್ತಿತ್ತು. ಹೊರತೆಗೆದ ಮೇಲೆ ಮೊದಲು ಭರಣಿಗೆ ಕಿವಿ ಹಚ್ಚುವುದು. ಒಳಗೆ ಗುಳುಗುಳು ಸಪ್ಪಳ ನಿಂತಿರಬೇಕು. ಬಾಯಿ ಬಿಚ್ಚಿ ಉರಿಯುವ ಕಡ್ಡಿ ಹಿಡಿಯುವುದು. ಕಡ್ಡಿ ನಂದಿದರೆ ಕೆಲಸ ಇನ್ನೂ ನಡೆದಿದೆ. ನಂದದೆ ಉರಿದರೆ ಮುಗಿದಿದೆ. ಕಡ್ಡಿಯನ್ನು ನಂದಿಸುತ್ತಿದ್ದ ಅನಿಲವೂ ಮೊಮ್ಮಗನ ಪೀಪಾಯಿಯಲ್ಲಿ ತುಂಬಿರುವ ಅನಿಲವೂ ಒಂದೇ. ಆಮೇಲೆ ಗಸಿ ಕೂಡಲು ಬಿಟ್ಟು, ತಿಳಿಯನ್ನು ಮೆಲ್ಲಗೆ ಬಸಿದು, ಅರಿವೆಯಲ್ಲಿ ಸೋಸಿ ಸೀಸೆಗೆ ತುಂಬುವುದು.

ಆಯುರ್ವೇದದಲ್ಲಿ ಈ ಹುದುಗಿಸುವಿಕೆಗೆ ಸಂಧಾನವೆಂದು ಹೆಸರು. ಕಷಾಯ ಕುದಿಸಿ ಮಾಡಿದ್ದು ಅರಿಷ್ಟ. ಕುದಿಸದೆ ಮಾಡಿದ್ದು ಆಸವ. ಧಾತಕಿಯ ಹೂವಿಗೆ ಅಂಟಿಕೊಂಡಿರುವ ಕಾಡುಯೀಸ್ಟೇ ಬೆಲ್ಲವನ್ನೂ ದ್ರಾಕ್ಷಿಯ ಸಿಹಿಯನ್ನೂ ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಹೀಗೆ ಸಿದ್ಧವಾದ ಔಷಧದಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಮದ್ಯಸಾರವಿರುತ್ತದೆ. ಎಂದರೆ ಬಿಯರಿಗಿಂತ ಕಡಿಮೆಯೇನಲ್ಲ. ಎರಡು ಚಮಚದಷ್ಟು ನೀರು ಬೆರೆಸಿ ಕೊಟ್ಟರೆ ಔಷಧ. ಸೀಸೆಗಟ್ಟಲೆ ಕುಡಿದರೆ?

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಹಳೆಯ ಕಾಲಕ್ಕೆ ಹೋಗೋಣ.

ಜೇನಿನ ಮದ್ಯ ಜಗತ್ತಿನ ಅತಿ ಹಳೆಯ ಮದ್ಯಗಳಲ್ಲಿ ಒಂದು. ಸಂಸ್ಕೃತದ ‘ಮಧು’ ಎಂಬ ಮಾತನ್ನೇ ನೋಡಿರಿ. ಜೇನಿಗೂ ಅದೇ ಹೆಸರು, ಮದ್ಯಕ್ಕೂ ಅದೇ ಹೆಸರು. ಗ್ರೀಕರ ‘ಮೆಥು’, ಇಂಗ್ಲಿಷರ ‘ಮೀಡ್’, ರಷ್ಯನ್ನರ ‘ಮ್ಯೋದ್’ ಇವೆಲ್ಲ ಅದರ ಒಡಹುಟ್ಟಿದವು. ಆಫ್ರಿಕದ ಇಥಿಯೋಪಿಯದಲ್ಲಿ ‘ತೆಜ್’ ಎಂಬ ಜೇನಿನ ಮದ್ಯವನ್ನು ಇಂದಿಗೂ ಮನೆಮನೆಯಲ್ಲಿ ಮಾಡುತ್ತಾರೆ. ಆದಿಲಶಾಹಿಯಲ್ಲಿ ದೊಡ್ಡ ಪದವಿಗೇರಿದ ಇಖ್ಲಾಸಖಾನನಂಥ ಹಬಶಿ ಸರದಾರರ ಮೂಲ ಆಫ್ರಿಕದ ಆ ಭಾಗವೇ ಎಂಬುದನ್ನು ನೆನೆದರೆ ಜಗತ್ತು ಎಷ್ಟು ಚಿಕ್ಕದೆನಿಸುತ್ತದೆ!

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ, ಎಂದರೆ ಮದ್ಯದ ಇಲಾಖೆಯ ಮುಖ್ಯಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವಿದೆ. ಅಕ್ಕಿಯ ಮದ್ಯವಾದ ಮೇದಕಕ್ಕೆ ನೀರೆಷ್ಟು, ಅಕ್ಕಿಯೆಷ್ಟು, ಹುದುಗಿನ ಮುದ್ದೆಯೆಷ್ಟು ಎಂದು ಅಳತೆಯೊಡನೆ ಕೊಟ್ಟಿದ್ದಾನೆ. ಆ ಹುದುಗಿಗೆ ಅವನ ಶಬ್ದ ‘ಕಿಣ್ವ’. ಇಂದು ಕನ್ನಡ ಶಾಲೆಗಳಲ್ಲಿ ವಿಜ್ಞಾನ ಓದುವ ಮಕ್ಕಳು ಎನ್‌ಜೈಮಿಗೆ ಕಿಣ್ವವೆನ್ನುತ್ತಾರೆ. ಎನ್‌ಜೈಮ್ ಎಂಬ ಹೆಸರನ್ನು 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ಕಟ್ಟಿದ್ದೂ ಗ್ರೀಕಿನ ‘ಹುದುಗಿನೊಳಗೆ’ ಎಂಬರ್ಥದ ಮಾತಿನಿಂದಲೇ. ಕನ್ನಡಕ್ಕೆ ಈ ಶಬ್ದ ತಂದವರು ಯಾರೇ ಇರಲಿ, ಅವರ ಕೈ ಸರಿಯಾದ ಗಡಿಗೆಯಲ್ಲಿಯೇ ಆಡಿತ್ತು.

ನನ್ನ ವಿಷಯಕ್ಕೆ ಮುಖ್ಯವಾದದ್ದು ಕೌಟಿಲ್ಯನ ಇನ್ನೊಂದು ಮಾತು. ಮದ್ಯವೆಲ್ಲ ರಾಜನ ಹಿಡಿತದಲ್ಲಿರಬೇಕೆಂದು ಕಟ್ಟುನಿಟ್ಟು ಮಾಡಿದವನು, ಮನೆವಾರ್ತೆಯವರಿಗೆ ಮಾತ್ರ ಒಂದು ಸಡಿಲಿಕೆ ಕೊಟ್ಟಿದ್ದಾನೆ. ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಅವರು ಮನೆಯಲ್ಲಿ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನ ಮದ್ಯ ಮಾಡುವ ಅನುಮತಿ ಉಂಟು. ಮನೆಯ ಗಡಿಗೆ ಬೇರೆ, ಅಂಗಡಿಯ ಗಡಿಗೆ ಬೇರೆ ಎಂಬ ಭೇದವನ್ನು ಆತ ಒಪ್ಪಿದ್ದ.

ನಮ್ಮ ನಾಡಿನ ಮಾತಿಗೆ ಬಂದರೆ, 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆಯೇ ಇದೆ. 1129ರಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನಕ್ರೀಡೆಯೆಂಬ ಭಾಗವುಂಟು. ಇವು ಅರಸರ, ಸಿರಿವಂತರ ಮಾತು. ಆದರೆ ಅದೇ ಕಲ್ಯಾಣದಲ್ಲಿ ಒಂದು ತಲೆಮಾರು ಕಳೆಯುವಷ್ಟರಲ್ಲಿ, ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರ ಕಾಣಿಸಿಕೊಳ್ಳುತ್ತಾನೆ. ಹೆಂಡ ಮಾರುವುದು ಅವನ ಕಾಯಕ. ಆ ಕಸುಬಿನ ಮಾತುಗಳಲ್ಲೇ ಅವನು ಅಧ್ಯಾತ್ಮವನ್ನು ನುಡಿದ. ಬಸವಣ್ಣನವರು ಹುಟ್ಟಿದ ಜಿಲ್ಲೆಯವನಾದ ನನಗೆ ಈ ಮಾರಯ್ಯನ ಮೇಲೆ ವಿಶೇಷ ಪ್ರೀತಿ. ಗಡಿಗೆಯ ಮುಂದೆ ಕುಳಿತವನಿಗೂ ಎಚ್ಚರವಿರಬಹುದು ಎಂಬುದಕ್ಕೆ ಅವನೇ ಸಾಕ್ಷಿ.

ಇನ್ನು ನಮ್ಮ ವಿಜಯಪುರ. 1604ರ ಸುಮಾರಿಗೆ ಮೊಗಲ ಬಾದಶಹ ಅಕ್ಬರನ ರಾಯಭಾರಿ ಅಸದ್ ಬೇಗ ಇಲ್ಲಿಗೆ ಬಂದ. ಇಬ್ರಾಹಿಂ ಆದಿಲಶಹನ ಕಾಲದ ಪೇಟೆಯನ್ನು ಬಾಯಿ ತುಂಬ ವರ್ಣಿಸಿದ್ದಾನೆ. ರತ್ನಪಡಿ ವ್ಯಾಪಾರಿಗಳ, ಬಟ್ಟೆಯವರ ಜೊತೆಗೆ ಮದ್ಯದ ಅಂಗಡಿಗಳೂ ಆ ವರ್ಣನೆಯಲ್ಲಿ ಬರುತ್ತವೆ. ಅವನು ಇಲ್ಲಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದ್ದು ಇತಿಹಾಸಪ್ರಸಿದ್ಧ ಸಂಗತಿ. ಆ ತಂಬಾಕು ನಮಗೆ ಬಂದದ್ದು ಪೋರ್ತುಗೀಜರಿಂದ. 1510ರಲ್ಲಿ ಆಲ್ಬುಕರ್ಕ್ ವಿಜಯಪುರದ ಕೈಯಿಂದ ಗೋವೆಯನ್ನು ಕಸಿದುಕೊಂಡ. ಊರು ಹೋಯಿತು, ಬದಲಿಗೆ ಶಬ್ದಗಳು ಬಂದವು.

ಅವುಗಳಲ್ಲಿ ಎರಡು ಈ ಲೇಖನದ ತಲೆಬರಹದಲ್ಲಿವೆ. ‘ಪೀಪಾಯಿ’ ಎಂಬುದು ಪೋರ್ತುಗೀಜರ ‘ಪೀಪಾ’. ಹಲಗೆಗಳನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದು ಮಾಡಿದ, ಸುಮಾರು 500 ಲೀಟರು ಹಿಡಿಯುವ ಅವರ ಮದ್ಯದ ಪಾತ್ರೆ. ‘ಲಿಲಾವು’ ಎಂಬುದು ಅವರ ‘ಲೈಲಾಂವ್’, ಸವಾಲು ಕೂಗಿ ಮಾರುವುದು. ನಾವು ಅಚ್ಚ ಕನ್ನಡವೆಂದು ಎಷ್ಟು ನಂಬಿಕೊಂಡಿದ್ದರೂ ಈ ಎರಡೂ ಘಟ್ಟ ಹತ್ತಿ ಬಂದ ಮಾತುಗಳು.

ಗಡಿಗೆಗೂ ಪೀಪಾಯಿಗೂ ಏನು ವ್ಯತ್ಯಾಸ? ಗಡಿಗೆ ಒಂದು ಮನೆಯ ಪಾತ್ರೆ. ಹೊತ್ತು ದೂರ ಒಯ್ಯಲಾರಿರಿ, ಎಡವಿದರೆ ಒಡೆಯುತ್ತದೆ. ನಮ್ಮ ಸೆಕೆಗೆ ಅದರೊಳಗಿನದು ಬೇಗ ಹುಳಿಯಾಗುತ್ತದೆ. ಈಚಲ ಮರದಿಂದ ಮುಂಜಾನೆ ಇಳಿಸಿದ ನೀರಾ ಸಿಹಿ, ಹೊತ್ತು ಏರಿದಂತೆ ಅದೇ ಶಿಂದಿ, ಮರುದಿನಕ್ಕೆ ಹುಳಿ. ಆದ್ದರಿಂದ ಹಳೆಯ ಕಾಲದ ಮದ್ಯ ಮಾಡಿದಲ್ಲಿಯೇ, ಮಾಡಿದ ದಿನವೇ ತೀರಬೇಕಾಗಿತ್ತು. ಭಟ್ಟಿ ಇಳಿಸಿದ ಶೆರೆ ಹಾಗಲ್ಲ. ಅದು ಕೆಡುವುದಿಲ್ಲ, ಪೀಪಾಯಿಯಲ್ಲಿ ತುಂಬಬಹುದು, ಬಂಡಿಯಲ್ಲಿ ಹೇರಬಹುದು, ಅಳೆದು ಕರ ಹಾಕಬಹುದು. ಸರಕಾರಕ್ಕೆ ಎಣಿಸಲು ಬರುವ ಮದ್ಯ ಬೇಕು. ಗಡಿಗೆ ಸೋತದ್ದು ಈ ಲೆಕ್ಕದಲ್ಲಿ.

1878ರಲ್ಲಿ ಮುಂಬಯಿ ಸರಕಾರ ಅಬಕಾರಿ ಕಾಯಿದೆ ತಂದಿತು. ನಮ್ಮ ಜಿಲ್ಲೆ ಆಗ ಕಲಾದಗಿ ಜಿಲ್ಲೆಯೆಂಬ ಹೆಸರಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮದ್ಯ ಮಾಡಲು ಪರವಾನಗಿ, ಮಾರಲು ಪರವಾನಗಿ, ಹೆಂಡದ ಮರ ಕೆತ್ತಲೂ ಪರವಾನಗಿ. ಅಂಗಡಿಯ ಹಕ್ಕು ಲಿಲಾವಿಗೆ. ಹೆಚ್ಚು ಸವಾಲು ಕೂಗಿದವನಿಗೆ ಅಂಗಡಿ. ಕೂಗಿದ ಹಣ ಹುಟ್ಟಬೇಕಾದರೆ ಕುಡಿಯುವವರು ಹೆಚ್ಚಬೇಕು. ಹಬ್ಬಕ್ಕೊಮ್ಮೆ ಗಡಿಗೆ ಇಡುತ್ತಿದ್ದವನು ಅಪರಾಧಿಯಾದ. ದಿನವೂ ಅಂಗಡಿಗೆ ಹೋಗುವವನು ಗಿರಾಕಿಯಾದ.

ಅದೇ ಶತಮಾನದಲ್ಲಿ ಇಂಗ್ಲಿಷರ ಬಿಯರೂ ದಕ್ಷಿಣಕ್ಕೆ ಬಂದು ನೆಲೆಸಿತು. ಬೆಂಗಳೂರು, ನೀಲಗಿರಿಯ ತಂಪಿನಲ್ಲಿ ದಂಡಿನವರಿಗಾಗಿ ಬಿಯರ್ ಭಟ್ಟಿಗಳು ಹುಟ್ಟಿದವು. ದೊಡ್ಡ ಮರದ ಪೀಪಾಯಿಗಳು ಎತ್ತಿನ ಬಂಡಿಯಲ್ಲಿ ಸಾಗಿದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬವನು ಐದು ಸಣ್ಣ ಭಟ್ಟಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದವರು ವಿಠ್ಠಲ ಮಲ್ಯ. ಹೀಗೆ ಪೀಪಾಯಿ ಕಾರಖಾನೆಯ ಸೊತ್ತಾಯಿತು.

ಮನೆಯ ಗಡಿಗೆಯನ್ನು ಕಸಿದದ್ದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನಲ್ಲೇ 1880ರಿಂದ 1963ರವರೆಗೆ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಾಗಿತ್ತು. ಅಮೆರಿಕೆಯಲ್ಲಿ 1920ರಿಂದ 1933ರವರೆಗೆ ಸಂಪೂರ್ಣ ಪಾನನಿರೋಧ. ಆಗ ಅಲ್ಲಿಯ ದ್ರಾಕ್ಷಿ ಬೆಳೆಗಾರರು ಒಣಗಿಸಿ ಒತ್ತಿದ ದ್ರಾಕ್ಷಿಯ ಇಟ್ಟಿಗೆಗಳನ್ನು ಮಾರುತ್ತಿದ್ದರು. ಇದನ್ನು ನೀರಿನಲ್ಲಿ ಕರಗಿಸಿ ಬಹಳ ದಿನ ಇಡಬೇಡಿರಿ, ಇಟ್ಟರೆ ಮದ್ಯವಾಗಿಬಿಡುತ್ತದೆ ಎಂಬ ‘ಎಚ್ಚರಿಕೆ’ಯನ್ನೂ ಜೊತೆಗೆ ಕೊಡುತ್ತಿದ್ದರು! ಅಲ್ಲಿ ಮನೆಯ ಬಿಯರಿಗೆ ಕಾಯಿದೆಯ ಒಪ್ಪಿಗೆ ಸಿಕ್ಕದ್ದು 1978ರಲ್ಲಿ, ಅಧ್ಯಕ್ಷ ಕಾರ್ಟರರು ಸಹಿ ಹಾಕಿದ ಮೇಲೆ. ನನ್ನ ಮೊಮ್ಮಗನ ಹವ್ಯಾಸಕ್ಕೆ ಆಧಾರ ಆ ಸಹಿ. ಅದೂ ಮಿತಿಯಿಲ್ಲದ ಒಪ್ಪಿಗೆಯಲ್ಲ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ನು, ಮಾರುವಂತಿಲ್ಲ.

ನಮ್ಮ ಸ್ವಾತಂತ್ರ್ಯದ ಹೋರಾಟದಲ್ಲಿ ಶೆರೆಯ ಅಂಗಡಿಯ ಮುಂದಿನ ಪಿಕೆಟಿಂಗಿಗೆ ದೊಡ್ಡ ಸ್ಥಾನವಿತ್ತು. ಪರಕೀಯ ಸರಕಾರದ ಬೊಕ್ಕಸಕ್ಕೂ ಬಡವನ ಮನೆಯ ಕಣ್ಣೀರಿಗೂ ಅಲ್ಲಿ ನೇರ ಸಂಬಂಧವಿತ್ತು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲ ಮರಗಳನ್ನೇ ಕಡಿದು ಸತ್ಯಾಗ್ರಹ ಮಾಡಿದರು. ಮುಂಬಯಿ ಸರಕಾರ 1949ರಲ್ಲಿ ಪಾನನಿರೋಧ ಕಾಯಿದೆ ಮಾಡಿತು. 1950ರಿಂದ ನಮ್ಮ ಜಿಲ್ಲೆಯಲ್ಲೂ ಅದು ಜಾರಿಗೆ ಬಂದಿತು.

ಇಲ್ಲಿಗೆ ನಮ್ಮ ಮುತ್ಯಾನ ಭರಣಿ ಮತ್ತೆ ಬರುತ್ತದೆ.

ಆಸವ, ಅರಿಷ್ಟಗಳು ಔಷಧವೋ ಮದ್ಯವೋ ಎಂಬುದು ಆಗ ದೊಡ್ಡ ತಂಟೆಯಾಯಿತು. 1951ರಲ್ಲಿ ಬಲ್ಸಾರಾ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು, ಮದ್ಯಸಾರವಿರುವ ಔಷಧಗಳನ್ನು ಮದ್ಯದ ಸಾಲಿಗೇ ಸೇರಿಸಿ ಅವುಗಳ ಬಳಕೆಗೆ ತಡೆ ಹಾಕುವುದು ಸಲ್ಲದೆಂದು ತೀರ್ಪು ಕೊಟ್ಟಿತು. 1955ರ ಕೇಂದ್ರ ಕಾಯಿದೆ, ತಾನಾಗಿ ಹುಟ್ಟಿದ ಮದ್ಯಸಾರವಿರುವ ಆಯುರ್ವೇದದ ಔಷಧಗಳನ್ನು ಪ್ರತ್ಯೇಕವಾಗಿ ಎಣಿಸಿತು. ಆದರೆ ದಿಲ್ಲಿಯ ತೀರ್ಪು ಹಳ್ಳಿಯ ಬಾಗಿಲಿಗೆ ಬೇಗ ಬರುವುದಿಲ್ಲ. 1954ರ ಒಂದು ಮುಂಜಾನೆ ನಮ್ಮ ಮನೆಯ ಝಡತಿಯಾಯಿತು. ಬಂದವರು ಕಣಜ ಕೆದರಿದರು, ಭರಣಿ ಹೊರತೆಗೆದರು, ಮೂಸಿದರು. ಮುತ್ಯಾ ಒಂದಿಷ್ಟೂ ಬೆದರದೆ ತಮ್ಮ ಹಳೆಯ ಪೋಥಿ ಬಿಚ್ಚಿ ಓದಿ ತೋರಿಸಿದರು. ಬಂದವರು ಸಭ್ಯರು, ಕೇಳಿಕೊಂಡು, ಚಹಾ ಕುಡಿದು ಹೋದರು. ಊರಿನವರೆಲ್ಲ, “ವೈದ್ಯರು ಗೆದ್ದರು” ಎಂದರು.

ಮುತ್ಯಾ ಮಾತ್ರ ಗೆದ್ದವರಂತೆ ಕಾಣಲಿಲ್ಲ. ಹೋಗುವಾಗ ಅವರಲ್ಲೊಬ್ಬ ಸುಮ್ಮನೆ ಕೇಳಿದ ಒಂದು ಮಾತು ಅವರಿಗೆ ನಾಟಿತ್ತು: “ಅಜ್ಜಾರ, ಇಷ್ಟು ಔಷಧ ಕುಡಿಯೋವಷ್ಟು ಬ್ಯಾನಿ ಈ ಊರಾಗ ಅದ ಏನ್ರಿ?” ಆ ದಿನ ಇಡೀ ಹಗಲು ಅವರು ಪಡಸಾಲೆಯಲ್ಲಿ ಕುಳಿತು ಸೀಸೆಗಳನ್ನು ಎಣಿಸಿದರು, ಯಾವ ರೋಗಿಗೆ ಎಷ್ಟು ಕೊಟ್ಟಿದ್ದೆಂದು ನೆನಪು ಮಾಡಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಕೆಮ್ಮಿನವರಿಗೆ ಇಷ್ಟು, ಬಾಣಂತಿಯರಿಗೆ ಇಷ್ಟು, ಹಸಿವಿಲ್ಲದವರಿಗೆ ಇಷ್ಟು. ಲೆಕ್ಕಕ್ಕೆ ಸಿಗದ ಸೀಸೆಗಳು ಹನ್ನೊಂದು ಉಳಿದವು. ಸಂಜೆ ನಮ್ಮ ಆಯಿ ಒಳಗಿನಿಂದ ಬಂದು, ತಲೆ ಮೇಲೆತ್ತದೆ, ಆ ಹನ್ನೊಂದರ ಲೆಕ್ಕ ಹೇಳಿದರು. ಮುತ್ಯಾನ ಸ್ವಂತ ತಮ್ಮ, ನಮ್ಮ ಸಣ್ಣ ಮುತ್ಯಾ, ಶೆರೆಯ ಅಂಗಡಿ ಮುಚ್ಚಿದಂದಿನಿಂದ ಹಿತ್ತಿಲ ಬಾಗಿಲಿಂದ ಬಂದು ಒಯ್ಯುತ್ತಿದ್ದ. ಅವನ ಹೆಂಡತಿಯ ಮೈಮೇಲಿನ ಬಾಸುಂಡೆಗಳಿಗೆ ಎಣ್ಣೆ ಹಚ್ಚುತ್ತಿದ್ದವರು ಆಯಿಯೇ. ಮನೆಯ ಮಾನ ಹೋಗಬಾರದೆಂದು ಇಬ್ಬರೂ ಹೆಂಗಸರು ಬಾಯಿ ಕಟ್ಟಿಕೊಂಡಿದ್ದರು.

ಮುತ್ಯಾ ಏನೂ ಅನ್ನಲಿಲ್ಲ. ಭರಣಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಹುಣಸೆಯ ಮರದ ಬುಡಕ್ಕೆ ಅದರಲ್ಲಿದ್ದದ್ದನ್ನೆಲ್ಲ ಸುರಿದರು. ಗಸಿಯೂ ತಿಳಿಯೂ ಒಟ್ಟಿಗೇ ಹೋದವು. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಭರಣಿಯನ್ನು ಮಾತ್ರ ಒಡೆಯಲಿಲ್ಲ. ತೊಳೆದು ಆಯಿಯ ಕೈಗೆ ಕೊಟ್ಟರು. ಆ ವರ್ಷ ಅದರಲ್ಲಿ ಉಪ್ಪಿನಕಾಯಿ ಬಿದ್ದಿತು. ಮುತ್ಯಾ ಇನ್ನೂ ಒಂಬತ್ತು ವರ್ಷ ಬದುಕಿದರು, ಚೂರ್ಣ ಕೊಟ್ಟರು, ಲೇಹ ಕೊಟ್ಟರು. ಸಂಧಾನಕ್ಕೆ ಮತ್ತೆ ಕೈ ಹಾಕಲಿಲ್ಲ. ಆ ವಿದ್ಯೆ ನಮ್ಮ ಮನೆಯಲ್ಲಿ ಅಲ್ಲಿಗೆ ನಿಂತಿತು. ಪಾಠ ಪೋಥಿಯಲ್ಲಿದೆ, ಭರಣಿಗೆ ಹಚ್ಚಿದ ಆ ಕಿವಿ ಪೋಥಿಯಲ್ಲಿಲ್ಲ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ಪಾನನಿರೋಧ ತೆರವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು, ತುರುವನೂರಿನಲ್ಲಿ ಈಚಲ ಮರಕ್ಕೆ ಕೊಡಲಿ ಹಾಕಿಸಿದ ನಿಜಲಿಂಗಪ್ಪನವರೇ! ಇದನ್ನು ನಾನು ಅಣಕಕ್ಕಾಗಿ ಹೇಳುತ್ತಿಲ್ಲ. ಮರ ಕಡಿಯುವುದು ಸುಲಭ, ಬೊಕ್ಕಸ ತುಂಬುವುದು ಕಷ್ಟವೆಂಬುದನ್ನು ಆಳುವವರೆಲ್ಲ ಕಲಿಯುತ್ತಾರೆ. ಲಿಲಾವು ಮರಳಿ ಬಂದಿತು. ಸಾರಾಯಿ ಮುಂದೆ ನಲವತ್ತು ವರ್ಷ ಹರಿಯಿತು. 2007ರ ಜುಲೈ 1ರಂದು ಅದನ್ನು ನಿಷೇಧಿಸಿದರು. ಅದೇ 2007ರಲ್ಲಿ ಸರಕಾರ ದ್ರಾಕ್ಷಿಯ ವೈನಿಗೆ ಉತ್ತೇಜನ ಕೊಡುವ ನೀತಿಯನ್ನೂ ಹೊರಡಿಸಿತು. ಒಂದು ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ಬಾಗಿಲು ತೆರೆಯಿತು. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ಮಾಡುವುದು ಇಂದಿಗೂ ಅಪರಾಧವೇ. ಕೊಡಗಿನ ಮನೆಗಳಲ್ಲಿ ಹಣ್ಣಿನ ವೈನು, ಜೇನಿನ ವೈನು ಮಾಡುವ ರೂಢಿಯುಂಟು. ಅಲ್ಲಿಯ ಅಜ್ಜಿಯರು ಗಸಿ ಬಿಟ್ಟು ತಿಳಿ ಬಸಿಯುವುದನ್ನು ಬಲ್ಲರು.

ನಮ್ಮ ಕಡೆಯ ಸೋಜಿಗ ಬೇರೆ. ತಿಕೋಟೆ, ಬಬಲೇಶ್ವರದ ಹೊಲಗಳ ತುಂಬ ಈಗ ದ್ರಾಕ್ಷಿಯ ಚಪ್ಪರ. ಫಸಲಿನ ದಿನಗಳಲ್ಲಿ ಬಲೆಯ ಅಟ್ಟಗಳ ಮೇಲೆ ಗೊನೆಗಳನ್ನು ಹರವಿ ನೆರಳಲ್ಲಿ ಒಣಗಿಸುವ ನೋಟ ಬಲು ಚೆಂದ. ನಮ್ಮ ಮುತ್ಯಾನಿಗೆ ತೊಲೆಯ ತೂಕದಲ್ಲಿ ಸಿಗುತ್ತಿದ್ದ ಒಣದ್ರಾಕ್ಷಿ ಇಂದು ಟ್ರಕ್ಕುಗಟ್ಟಲೆ ಹೊರಡುತ್ತದೆ. ಬಿಳಿಜೋಳವಂತೂ ನಮ್ಮ ಉಸಿರು. ಅದೇ ಜೋಳದ ಮೊಳಕೆಯಿಂದ ಆಫ್ರಿಕದವರು ತಲತಲಾಂತರದಿಂದ ಬಿಯರ್ ಮಾಡುತ್ತಾರೆ. 1988ರಲ್ಲಿ ಬಾರ್ಲಿಯ ಮಾಲ್ಟಿನ ಆಮದು ನಿಲ್ಲಿಸಿದಾಗ ನೈಜೀರಿಯದ ದೊಡ್ಡ ಕಾರಖಾನೆಗಳೂ ಜೋಳಕ್ಕೆ ತಿರುಗಿದವು. ಸಾಮಗ್ರಿಯೆಲ್ಲ ನಮ್ಮ ಅಂಗಳದಲ್ಲಿದೆ. ಗಡಿಗೆ ಮಾತ್ರ ಉಪ್ಪಿನಕಾಯಿಗೆ ಮೀಸಲು.

ಇಷ್ಟನ್ನೂ ನಾನು ಮೊಮ್ಮಗನಿಗೆ ಮೂರು ನಾಲ್ಕು ಸಂಜೆ ಹೇಳಿದೆ. ಅವನ ಕಣ್ಣು ಆ ಭರಣಿಯ ಮೇಲೆಯೇ. “ಮುತ್ಯಾ, ಒಂದು ಸಲ ಮಾಡೋಣ್ರಿ. ತಿಕೋಟಿ ಒಣದ್ರಾಕ್ಷಿ ತರತೀನಿ” ಎಂದ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ತಡೆದಳು. “ಯಪ್ಪಾ! ಮನ್ಯಾಗ ಶೆರಿ ಮಾಡಾಕ ನಿಂತಾನೇನು ಇಂವಾ?” ಎಂದು ಮೊದಲು ಗದರಿಸಿದಳು. ಅವನು ನಗುತ್ತ ತನ್ನ ನೋಟುಬುಕ್ಕು ತಂದು ಅವಳ ಮುಂದೆ ಹಿಡಿದ. ನಿಜಕ್ಕೂ ಮೆಚ್ಚತಕ್ಕ ನೋಟುಬುಕ್ಕು! ಯಾವ ದಿನ ಎಷ್ಟು ಡಿಗ್ರಿ ಬಿಸಿ, ಸಿಹಿಯ ಸಾಂದ್ರತೆ ಎಷ್ಟು ಇಳಿಯಿತು, ಎಂದು ಬಸಿದದ್ದು, ಪೀಪಾಯಿಯ ಒತ್ತಡವೆಷ್ಟು, ಎಲ್ಲವೂ ಮುತ್ತಿನಂಥ ಅಂಕಿಗಳಲ್ಲಿ.

ಅವಳು ಹಿಟ್ಟಿನ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಒಂದೊಂದೇ ಹಾಳೆ ತಿರುವಿದಳು. ನನ್ನ ಬಾಯಿಂದ ಆ ಹನ್ನೊಂದು ಸೀಸೆಗಳ ಕಥೆ ಕೇಳಿದವಳು ಅವಳೂ.

“ಎಲ್ಲಾ ಬರದೀ ತಮ್ಮಾ” ಎಂದಳು. “ಯಾರು ಕುಡದರು, ಎಷ್ಟು ಕುಡದರು, ಕುಡದ ಮ್ಯಾಲ ಅವರ ಮನ್ಯಾಗ ಏನಾತು, ಅದನ್ನ ಎಲ್ಲಿ ಬರದೀ?”

ಹುಡುಗ ಸುಮ್ಮನಾದ. ನಾನೂ ಸುಮ್ಮನಿದ್ದೆ. ಕೌಟಿಲ್ಯನಿಂದ ಅಬಕಾರಿ ಕಾಯಿದೆಯವರೆಗೆ ನಾನು ಹೇಳಿದ ಇತಿಹಾಸದಲ್ಲೂ ಆ ಲೆಕ್ಕ ಇರಲಿಲ್ಲ. ಸರಕಾರ ಪೀಪಾಯಿ ಎಣಿಸಿತು, ಗುತ್ತೇದಾರ ಲಿಲಾವಿನ ಹಣ ಎಣಿಸಿದ, ಪಂಡಿತರು ಗ್ರಂಥ ಎಣಿಸಿದರು. ಆ ಇನ್ನೊಂದು ಲೆಕ್ಕವನ್ನು ಇಟ್ಟವರು ಆಯಿಯಂಥವರು. ಕೇಳುವವರಿಲ್ಲದೆ ಅದು ಅವರ ಮನಸ್ಸಿನಲ್ಲೇ ಉಳಿಯಿತು. ನಮ್ಮ ಮುತ್ಯಾ ಒಂದು ಸಂಜೆ ಅದನ್ನು ಕೇಳಿಸಿಕೊಂಡರು. ಅದಕ್ಕಾಗಿ ತಮ್ಮ ವಿದ್ಯೆಯನ್ನೇ ತೆತ್ತರು. ಅಷ್ಟು ತೆರಬೇಕಿತ್ತೇ ಎಂದು ನನಗೆ ಇಂದಿಗೂ ಒಮ್ಮೊಮ್ಮೆ ಅನಿಸುವುದುಂಟು. ಭರಣಿಯನ್ನು ಒಡೆಯದೆ ಉಳಿಸಿದ್ದನ್ನು ನೋಡಿದರೆ, ಅವರಿಗೂ ಹಾಗೆಯೇ ಅನಿಸಿರಬಹುದು.

ಮೊಮ್ಮಗ ರಜೆ ಮುಗಿಸಿ ಹೋದ. ಹೋಗುವ ಹಿಂದಿನ ರಾತ್ರಿ ಅವನು ದೀಪದ ಬೆಳಕಿನಲ್ಲಿ ಅಳತೆಗೋಲು ಹಿಡಿದು ಆ ನೋಟುಬುಕ್ಕಿನ ಖಾಲಿ ಹಾಳೆಗಳ ಮೇಲೆ ಇನ್ನೊಂದು ಕಂಬದ ಗೆರೆ ಎಳೆಯುತ್ತಿದ್ದುದನ್ನು ಕಂಡೆ. ಅದಕ್ಕೆ ತಲೆಬರಹವೇನೆಂದು ನಾನು ಕೇಳಲಿಲ್ಲ. ಮರುದಿನ ಅವನ ಅಜ್ಜಿ ಆ ಭರಣಿಯಿಂದ ಒಂದು ಡಬ್ಬಿಯ ತುಂಬ ಉಪ್ಪಿನಕಾಯಿ ತೆಗೆದು ಕಟ್ಟಿಕೊಟ್ಟಳು.